ಸುಣ್ಣದ ಗೆರೆ, ವಿಭೂತಿಯ ಗೆರೆ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಮೊರ ತೂಗುಹಾಕುವ ಮೊಳೆಯ ಪಕ್ಕದಲ್ಲೇ, ಕಪ್ಪು ರಬ್ಬರಿನ ಪಟ್ಟಿಯೊಂದು ನೇತಾಡುತ್ತಿರುತ್ತದೆ. ಒಳಮೈಯ ತುಂಬ ಸಾಲು ಹಲ್ಲು. ಫ್ಯಾನಿನ ಗಾಳಿಗೆ ಆಗೀಗ ಅಲುಗಿ ಗೋಡೆ ಸವರುತ್ತದೆ. ಹಾಲು ಹಾಕುವ ಈರಮ್ಮ ಮೊದಲ ದಿನ ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಿದ್ದಳು.

“ಹಾವಲ್ಲ ಈರಮ್ಮ, ಬೆಲ್ಟು,” ಅಂದೆ.

“ಸಾಹೇಬ್ರ ಸೊಂಟದ್ದೇನ್ರೀ? ಮತ್ತ ಇಷ್ಟೊಂದು ಹಲ್ಲು ಯಾಕ್ರೀ ಇದಕ್ಕ?”

ಕಾರಿನದು ಅಂತ ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ನಂಬದಿದ್ದರೆ ತಪ್ಪೇನೂ ಇಲ್ಲ. ಕಾರಿನ ಹೊಟ್ಟೆಯಲ್ಲಿ ಹೀಗೊಂದು ಹಲ್ಲಿನ ಪಟ್ಟಿ ತಿರುಗುತ್ತಿರುತ್ತದೆಂದು ಮೂರು ವರ್ಷ ಅದೇ ಕಾರು ಓಡಿಸಿದ ನನಗೇ ಗೊತ್ತಿರಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಕಾರೆಂದರೆ ಕೀಲಿ ತಿರುವಿದರೆ ಎಚ್ಚರಾಗುವ, ತಿರುಗಿ ತಿರುವಿದರೆ ನಿದ್ದೆ ಹೋಗುವ ಒಂದು ಸಾಧು ಪ್ರಾಣಿ.

ನಮ್ಮದು ಇಬ್ಬರ ಕೈ ದಾಟಿ ಬಂದ ಕಾರು. ಒಂದು ಕಾಲಕ್ಕೆ ನೀಲಿ ಇದ್ದಿರಬೇಕು; ರಾಯಚೂರಿನ ಬಿಸಿಲು ಕುಡಿದೂ ಕುಡಿದೂ ಈಗ ಮೇ ತಿಂಗಳ ಮಧ್ಯಾಹ್ನದ ಆಕಾಶದ ಬಣ್ಣಕ್ಕೆ ಬಂದು ನಿಂತಿದೆ, ಅಂದರೆ ಬಣ್ಣವೇ ಇಲ್ಲ. ನಾನು ಓಡಿಸಲು ಕಲಿತದ್ದು ನಲವತ್ತಾರಕ್ಕೆ. ಕಲಿತದ್ದೂ ದೊಡ್ಡವ್ವನಿಗಾಗಿ. ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ. ದೇವದುರ್ಗದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಇರುತ್ತಾಳೆ. ಮಂಡಿ ಹಿಡಿದುಕೊಂಡಾಗಿನಿಂದ ಬಸ್ಸು ಹತ್ತಲಾರಳು, ಜೀಪು ಹತ್ತಲಾರಳು, ಮೊಮ್ಮಗನ ಮೋಟಾರ್ ಸೈಕಲ್ಲಂತೂ ಕೇಳಲೇಬೇಡಿ. ನಮ್ಮ ಕಾರಿನ ಮುಂದಿನ ಸೀಟು ಮಾತ್ರ, ಸ್ಪ್ರಿಂಗು ಕುಸಿದು ತಗ್ಗಾಗಿರುವುದರಿಂದ, ಅವಳ ಮಂಡಿಗೆ ಒಗ್ಗಿದೆ. ತಿಂಗಳಿಗೊಮ್ಮೆ ಶನಿವಾರ ನಾನು ಹೋಗಿ ಅವಳನ್ನು ಕೂರಿಸಿಕೊಂಡು ಊರಾಚೆಯ ಕಾಲುವೆಯ ತನಕ ಕರೆದೊಯ್ಯುತ್ತೇನೆ. ಅವಳು ಹರಿಯುವ ನೀರು ನೋಡುತ್ತಾಳೆ. ನಾನು ಅವಳು ಕಟ್ಟಿ ತಂದ ಮಂಡಾಳು ವಗ್ಗರಣಿ ತಿನ್ನುತ್ತೇನೆ. ನಮ್ಮಿಬ್ಬರ ತೀರ್ಥಯಾತ್ರೆ ಅಷ್ಟೇ.

ಕಾರಿಗೆ ಒಂದು ನಡುಕವಿತ್ತು. ನಿಂತಾಗ ಸ್ಟೇರಿಂಗು, ಕನ್ನಡಿ, ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಬಸವಣ್ಣ, ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ದೇವದುರ್ಗದ ದಾರಿಯಲ್ಲಿ ಮಸರಕಲ್ ದಾಟಿದ ಮೇಲೆ ರಸ್ತೆ ಒಂದಿಷ್ಟು ಏರುತ್ತದೆ. ಅಲ್ಲಿ ಕಾರು ಉಸಿರು ಕಟ್ಟಿ, ನಿಲ್ಲುತ್ತೇನೆ ನಿಲ್ಲುತ್ತೇನೆ ಅಂದು ಹೇಗೋ ಹತ್ತುತ್ತಿತ್ತು. ಎರಡು ಸಲ ನಿಂತೇಬಿಟ್ಟಿತ್ತು. ಎರಡನೆಯ ಸಲ ಜೋಳದ ಸೊಪ್ಪೆ ಹೇರಿದ ಟ್ರ್ಯಾಕ್ಟರಿನವನು ಹಗ್ಗ ಕಟ್ಟಿ ಎಳೆದು ತಂದ. ಕಾಲೇಜಿನಲ್ಲಿ ಗಣಿತ ಹೇಳುವ ನಮ್ಮನೆಯವರು ಇದನ್ನು ಚಳಿಜ್ವರದ ಗಾಡಿ ಎಂದು ಕರೆಯುತ್ತಿದ್ದರು. ನನಗೆ ಮಾತ್ರ ಆ ನಡುಕ ಇಷ್ಟ. ಯಾಕೆಂದು ಹೇಳಬೇಕಾದರೆ ಮಾನ್ವಿಗೆ ಹೋಗಬೇಕು.

ಮಾನ್ವಿಯಲ್ಲಿ ನಮ್ಮ ಅಜ್ಜನ ಹಿಟ್ಟಿನ ಗಿರಣಿ ಇತ್ತು. ನಾನು ರಾಯಚೂರಿನ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಓದಿದವಳು. ರಜೆ ಬಿಟ್ಟ ಮರುದಿನ ಗಿರಣಿಯ ಚೀಲಗಳ ಮೇಲೆ ಇರುತ್ತಿದ್ದೆ. ಮೋಟಾರಿನಿಂದ ಬೀಸುವ ಕಲ್ಲಿನ ಚಕ್ರಕ್ಕೆ ಅಗಲವಾದ ಪಟ್ಟಿ ಎಳೆದಿರುತ್ತಿದ್ದರು. ಪಟ್ಟಿಯ ತುದಿಗಳನ್ನು ಕೂಡಿಸಿದ ಕಬ್ಬಿಣದ ಕೊಂಡಿ ಚಕ್ರದ ಮೇಲೆ ಹಾಯುವಾಗಲೆಲ್ಲ ‘ಟಪ್’ ಅನ್ನುತ್ತಿತ್ತು. ಟಪ್, ಟಪ್, ಟಪ್. ಇಡೀ ಗಿರಣಿ ನಡುಗುತ್ತಿತ್ತು. ಚೀಲ ನಡುಗುತ್ತಿತ್ತು, ಚೀಲದ ಮೇಲೆ ನಾನೂ. ರೆಪ್ಪೆಯ ಮೇಲೆ ಹಿಟ್ಟು ಕೂತು ಭಾರವಾಗಿ, ಹೊರಗಿನ ಬಿಸಿಲು ಹಾಲಿನ ಕೆನೆಯ ಹಾಗೆ ಕಂಡು, ಹಾಗೇ ನಿದ್ದೆ ಬರುತ್ತಿತ್ತು. ಅಂಥ ನಿದ್ದೆ ಆಮೇಲೆ ಯಾವ ಹಾಸಿಗೆಯಲ್ಲೂ ಬಂದಿಲ್ಲ. ಕಾರಿನ ನಡುಕದಲ್ಲಿ ಅದರದೇ ಒಂದು ಚೂರು ಇತ್ತು. ದೊಡ್ಡವ್ವನೂ ಅದೇ ಗಿರಣಿಯ ಮಗಳಲ್ಲವೇ. ಕಾರು ಹೊರಟು ಐದು ನಿಮಿಷಕ್ಕೆ ತಲೆ ವಾಲಿಸಿಬಿಡುತ್ತಿದ್ದಳು. ಕಾಲುವೆ ಬಂದಾಗಲೇ ಎಬ್ಬಿಸಬೇಕು.

ಅಜ್ಜನದು ಒಂದು ಪದ್ಧತಿ. ಶುಕ್ರವಾರ ಬೆಳಿಗ್ಗೆ ಗಿರಣಿ ಸುರು ಮಾಡುವ ಮೊದಲು ಪಟ್ಟಿ ಇಳಿಸಿ, ಒದ್ದೆ ಅರಿವೆಯಿಂದ ಚಕ್ರ ಒರೆಸಿ, ಅದರ ಮೇಲೆ ಅಡ್ಡಡ್ಡ ಮೂರೆಳೆ ವಿಭೂತಿ ಎಳೆಯುತ್ತಿದ್ದ. ನಿಂತ ಚಕ್ರಕ್ಕೆ ವಿಭೂತಿ ಹಚ್ಚದೆ ತಿರುಗಿಸಬಾರದು ಅನ್ನುವುದು ನನ್ನ ತಲೆಯಲ್ಲಿ ಆಗಲೇ ಕೂತುಬಿಟ್ಟಿತು. ಕಾನ್ವೆಂಟಿನ ಸಿಸ್ಟರುಗಳು ಏನೇನೋ ಕಲಿಸಿದರು, ಇದನ್ನು ಅಳಿಸಲಾಗಲಿಲ್ಲ. ಇವತ್ತಿಗೂ ಶುಕ್ರವಾರ ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ, ಮಿಕ್ಸರಿಗೆ, ವಾಷಿಂಗ್ ಮಷೀನಿಗೆ ಮೂರೆಳೆ ಉಂಟು. ಇವರು ತಮ್ಮ ಕ್ಯಾಲ್ಕ್ಯುಲೇಟರನ್ನು ಶುಕ್ರವಾರ ಕಪಾಟಿನಲ್ಲಿ ಮುಚ್ಚಿಡುತ್ತಾರೆ.

ಈ ಉಗಾದಿಯ ಮುಂದೆ ಆಯಿಲ್ ಬದಲಿಸಲು ಬಂದ ಮೌಲಾಸಾಬರು ಎಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಸಡಿಲಿಸಿ ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು. ಮೌಲಾಸಾಬರು ನಮ್ಮ ಓಣಿಯ ಮೆಕ್ಯಾನಿಕ್. ಅರವತ್ತರ ಮೇಲಿನ ವಯಸ್ಸು, ಬಾಯಲ್ಲಿ ಸದಾ ಎಲೆ ಅಡಿಕೆ, ಎದೆಯ ಜೇಬಿನಲ್ಲಿ ಸುಣ್ಣದ ಡಬ್ಬಿ.

“ಅಕ್ಕಾರ, ಬರ್ರಿ ಇಲ್ಲಿ. ಈ ಪಟ್ಟಿ ನೋಡ್ರಿ. ಹಿಮ್ಮಡಿ ಒಡದಂಗ ಒಡದದ. ಇದನ್ನ ಯಾವಾಗ ಹಾಕಿಸಿದ್ರಿ?”

“ನಾವು ಹಾಕಿಸೇ ಇಲ್ಲಲ್ರೀ.”

“ಹಂಗಾದ್ರ ಇದರ ವಯಸ್ಸು ಆ ಅಲ್ಲಾಗೇ ಗೊತ್ತು.” ಬೆರಳಿನಿಂದ ಪಟ್ಟಿ ಒತ್ತಿ ತೋರಿಸಿದರು. ಬಿರುಕುಗಳ ನಡುವೆ ನೂಲೆಳೆ ಕಾಣುತ್ತಿತ್ತು. “ಕೆಳಗೊಂದು ಚಕ್ರ ಅದ, ಮ್ಯಾಲೊಂದು ಚಕ್ರ ಅದ. ಈ ಪಟ್ಟಿ ಎರಡನ್ನೂ ಜೋಡಿ ಹಿಡದು ನಡಸ್ತದ. ಇದು ಹರಕೊಂತಂದ್ರ, ಇಲ್ಲಾ ಚಕ್ರದ ಜೋಡಿ ತಪ್ಪಿತಂದ್ರ, ಒಳಗಿನ ಸಾಮಾನು ಒಂದಕ್ಕೊಂದು ಬಡದು ಮುಗದು ಹೋತು. ಆಮ್ಯಾಲೆ ಎಂಜಿನ್ನಿಲ್ಲ, ಗಾಡಿ ಇಲ್ಲ.”

ಆ ಸಂಜೆ ಇವರು ತೀರ್ಮಾನ ಹೇಳಿದರು. ಇವರ ತೀರ್ಮಾನಗಳು ಯಾವಾಗಲೂ ಪ್ರಮೇಯದ ಹಾಗೆ, ಕೊನೆಯಲ್ಲಿ ಗೆರೆ ಎಳೆದೇ ಬರುತ್ತವೆ.

“ಬೆಲ್ಟು ಹಾಕಿಸು, ಬ್ಯಾಡ ಅನ್ನಲ್ಲ. ಶನಿವಾರ ದೇವದುರ್ಗಕ್ಕ ಹೋಗಿ, ಆ ಏರು ಹತ್ತಿ, ತನ್ನ ಕಾಲ ಮ್ಯಾಲ ತಾನು ತಿರುಗಿ ಬಂದ್ರ ಗಾಡಿ ಮನ್ಯಾಗ ಇರಲಿ. ಮತ್ತ ಯಾರಾರ ಹಗ್ಗ ಕಟ್ಟಿ ಎಳಕೊಂಡು ಬಂದ್ರ, ಆಯ್ತವಾರ ಗುಜರಿಯವಗ ಬರಾಕ ಹೇಳೀನಿ.”

“ಆಗಲೇ ಹೇಳಿಬಿಟ್ರೇನು?”

“ಬಂದು ನೋಡಿ ಹೋಗು ಅಂದೀನಿ. ನೋಡೂದಕ್ಕೇನದ.”

ಹೊಸ ಕಾರು ತೊಗೊಳ್ಳೋಣ ಅನ್ನುವುದೂ ಆ ಮಾತಿನ ಹಿಂದೆ ಇತ್ತು, ನನಗೆ ಗೊತ್ತು. ಈಗಿನವು ಎತ್ತರದ ಕಾರುಗಳು. ದೊಡ್ಡವ್ವ ಅವುಗಳ ಬಾಗಿಲ ತನಕ ಬಂದು, ನೋಡಿ, ತಿರುಗಿ ಮನೆಯೊಳಗೆ ಹೋಗುವುದು ನನ್ನ ಕಣ್ಣಿಗೆ ಕಟ್ಟಿತು.

ಶುಕ್ರವಾರ ಮೌಲಾಸಾಬರು ಹೊಸ ಪಟ್ಟಿ ತಂದರು. ಕಾರು ನಮ್ಮ ಅಂಗಳದ ಬೇವಿನ ಕೆಳಗೇ ನಿಂತಿತ್ತು. ಬೇವು ಹೂ ಬಿಟ್ಟ ದಿನಗಳು. ಅವರು ಒಂದೊಂದೇ ಬೋಲ್ಟು ಬಿಚ್ಚಿ ಹಳೆಯ ವರ್ತಮಾನ ಪತ್ರಿಕೆಯ ಮೇಲೆ, ಬಿಚ್ಚಿದ ಕ್ರಮದಲ್ಲೇ, ಸಾಲಾಗಿ ಇಡುತ್ತ ಹೋದರು. ಹೂ ಉದುರಿ ಬೋಲ್ಟುಗಳ ನಡುವೆ ಬೀಳುತ್ತಿತ್ತು. ಕೆಳಗಿನ ಚಕ್ರವನ್ನು ಅದರ ಗುರುತಿಗೆ ತಂದು ನಿಲ್ಲಿಸಿ, ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು, ಕಿರುಬೆರಳ ಉಗುರಿನಿಂದ ಮೇಲಿನ ಚಕ್ರದ ನೆತ್ತಿಗೆ ಬಂದು ನಿಂತ ಹಲ್ಲಿಗೆ ಗೆರೆ, ಅದಕ್ಕೆ ಎದುರಾಗಿ ಹಳೆಯ ಪಟ್ಟಿಯ ಮೇಲೊಂದು ಗೆರೆ ಹಾಕಿದರು.

“ಮ್ಯಾಲಿನ ಚಕ್ರಕ್ಕೂ ಕಂಪನಿ ಗುರ್ತು ಇರ್ತದ ಅಕ್ಕಾರ, ಇಲ್ಲ ಅನ್ನಂಗಿಲ್ಲ. ಆದ್ರ ಈ ಜಿಡ್ಡಿನ್ಯಾಗ ಯಾರ ಹುಡುಕ್ಯಾರ? ಹಳಿ ಪಟ್ಟಿ ಹೆಂಗಿತ್ತೋ ಹೊಸಾದು ಹಂಗ ಕೂಡ್ರಿಸಿದ್ರ ಮುಗೀತು. ಬಾಯಿಗೆ ಹಚ್ಚೋ ಸುಣ್ಣನೇ ನಮಗ ಸಾಕು.”

ಹಳೆಯ ಪಟ್ಟಿ ಕಳಚಿ ನೆಲಕ್ಕಿಟ್ಟರು. ಹೊತ್ತು ನೋಡಿದರು. ಶುಕ್ರವಾರದ ನಮಾಜು. ಕೈ ತೊಳೆದು, ಟೋಪಿ ಹಾಕಿಕೊಂಡು, “ಯಾರೂ ಮುಟ್ಟಬ್ಯಾಡ್ರಿ, ಬಂದೆ” ಅಂದು ಹೋದರು.

ಯಾರೂ ಅಂದರೆ ನಾಯಿ, ಬೆಕ್ಕು, ಓಣಿಯ ಹುಡುಗರು ಎಂದು ನಾನು ತಿಳಿದುಕೊಂಡೆ. ನಾನೂ ಯಾರಾದರೂ ಆಗಿರಬಹುದೆಂದು ಹೊಳೆಯಲಿಲ್ಲ.

ಮನೆಯೊಳಗೆ ಎಲ್ಲ ಯಂತ್ರಗಳಿಗೂ ವಿಭೂತಿ ಆಗಿತ್ತು. ವಿಭೂತಿಯ ಗಟ್ಟಿ ಇನ್ನೂ ಕೈಯಲ್ಲೇ ಇತ್ತು. ಹೊರಗೆ ಬಂದರೆ ಮಧ್ಯಾಹ್ನದ ನೆರಳು, ಎದೆ ಬಿಚ್ಚಿಕೊಂಡು ಕೂತ ಕಾರು, ಒಳಗೆ ನಿಂತ ಚಕ್ರ. ಪಟ್ಟಿ ಇಳಿಸಿಟ್ಟಿದೆ. ಶುಕ್ರವಾರ. ನನ್ನ ಕೈಗೆ ಇನ್ನೇನು ಹೇಳಬೇಕಿತ್ತು? ಒದ್ದೆ ಅರಿವೆ ತಂದು ಚಕ್ರದ ಮುಖ ಒರೆಸತೊಡಗಿದೆ. ವರ್ಷಗಳ ಜಿಡ್ಡು, ಕರ್ರಗೆ, ಕರಗಿದ ಬೆಲ್ಲದ ಹಾಗೆ ಬಂತು. ಒತ್ತಿ ಒರೆಸಿದೆ. ಆಗ ಚಕ್ರ ನನ್ನ ಕೈಯೊಳಗೆ ತಾನಾಗಿಯೇ ಚೂರು ಜಾರಿ ‘ಟಕ್’ ಅಂದಿತು. ನಿದ್ದೆಯಲ್ಲಿದ್ದವರು ಮಗ್ಗಲು ಬದಲಿಸಿದ ಹಾಗೆ. ಒಂದು ಕ್ಷಣ ಕೈ ತೆಗೆದೆ. ಮತ್ತೇನೂ ಆಗಲಿಲ್ಲ. ಫಳಫಳಿಸುವ ಚಕ್ರದ ಮೇಲೆ ಮೂರೆಳೆ ಎಳೆದು, ಕೈ ಮುಗಿದು, ಮೌಲಾಸಾಬರಿಗೆ ಚಹಕ್ಕಿಡಲು ಒಳಗೆ ಹೋದೆ.

ಚಹ ತರುವಷ್ಟರಲ್ಲಿ ಅವರು ಬಂದು ಕಾರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಅಕ್ಕಾರ, ನಾ ಒಂದು ಗೆರಿ ಹಾಕಿ ಹೋಗಿದ್ದೆ.”

“ಹೌದ್ರಿ.”

“ಮೂರು ಯಾಕ ಆಗ್ಯಾವು?”

ಚಹ ಕೆಳಗಿಟ್ಟೆ. ಒರೆಸಿದೆ ಅಂದೆ, ವಿಭೂತಿ ಹಚ್ಚಿದೆ ಅಂದೆ. ಅವರು ಕಣ್ಣು ಮುಚ್ಚಿ ತೆರೆದರು.

“ವಿಭೂತಿ ಹಚ್ಚಾಕ ಮನ್ಯಾಗ ನಿಮ್ಮ ಯಜಮಾನ್ರ ಹಣಿ ಇರಲಿಲ್ಲೇನ್ರೀ?”

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ಸ್ಟೂಲು ಎಳೆದುಕೊಂಡು ಕೂತರು. “ಇರಲಿ. ಚಕ್ರ ನಿಂತಲ್ಲೇ ನಿಂತದ. ಅಂದಾಜಿನ ಮ್ಯಾಲ ಹಾಕಬಹುದು.”

ನಿಂತಲ್ಲೇ ನಿಂತಿಲ್ಲ ಅನ್ನುವುದು ನನ್ನೊಬ್ಬಳಿಗೇ ಗೊತ್ತಿತ್ತು.

ಕಾನ್ವೆಂಟಿನಲ್ಲಿ ಸಿಸ್ಟರ್ ಅಗ್ನೆಸ್ ಎಂಬವರಿದ್ದರು. ಐದನೇ ಕ್ಲಾಸಿನಲ್ಲಿ ನಾನು ಅವರ ಮೇಜಿನ ಮೇಲಿನ ಶಾಯಿ ಬಾಟಲಿ ಉರುಳಿಸಿ, ಮೂರು ದಿನ ಸುಮ್ಮನಿದ್ದು, ಕೇಳಿದಾಗ ಒಪ್ಪಿಕೊಂಡಿದ್ದೆ. ಅವರು ಬೈಯಲಿಲ್ಲ. “ಕೇಳುವ ಮೊದಲು ಹೇಳಿದರೆ ಅದು ತಪ್ಪೊಪ್ಪಿಗೆ ಮಗು, ಕೇಳಿದ ಮೇಲೆ ಹೇಳುವುದು ಬರೀ ಉತ್ತರ” ಅಂದರು. ಒರೆಸಿದ್ದು, ಹಚ್ಚಿದ್ದು ಬರೀ ಉತ್ತರಗಳು. ಟಕ್ ಅಂದದ್ದನ್ನು ಯಾರೂ ಕೇಳಿರಲಿಲ್ಲ. ಹೇಳದೆ ಬಿಟ್ಟು ನಾಳೆ ಎಂಜಿನ್ನು ಒಡೆದರೆ ಮೌಲಾಸಾಬರ ಹೆಸರು ಕೆಡುತ್ತದೆ, ನನ್ನದಲ್ಲ. ಹೇಳಿದರೆ, ಅವರು ಈಗಲೇ ಸ್ಪ್ಯಾನರುಗಳನ್ನು ಜೋಳಿಗೆಗೆ ಹಾಕಿಕೊಂಡು ‘ನನ್ನ ಕೈಲಿ ಆಗಲ್ಲ’ ಅಂದು ಎದ್ದು ಹೋಗಬಹುದು. ಗುಜರಿಯವನಿಗೆ ಆಯ್ತವಾರದ ತನಕ ಕಾಯುವ ಕೆಲಸವೂ ಇರುವುದಿಲ್ಲ.

ಚಹ ತಣ್ಣಗಾಗುತ್ತಿತ್ತು.

“ಒರಸೋವಾಗ ಚಕ್ರ ಸರೀತ್ರೀ,” ಅಂದೆ. “ಟಕ್ ಅಂತು.”

ಅವರು ನನ್ನನ್ನೇ ನೋಡಿದರು. ಬೈಗುಳಕ್ಕೆ ನಾನು ತಲೆ ತಗ್ಗಿಸಿಯಾಗಿತ್ತು. “ಚಲೋ ಆತು ಹೇಳಿದ್ದು,” ಅಂದರು. “ಇಲ್ಲಾಂದ್ರ ಅಂದಾಜಿನ ಮ್ಯಾಲ ಹಾಕಿ, ಕೀಲಿ ತಿರುವಿ, ನಾನೇ ಕೊಂದು ಹೋಗ್ತಿದ್ದೆ ಇದನ್ನ.” ಬ್ಯಾಟರಿ ಹಿಡಿದು ಚಕ್ರಕ್ಕೆ ಮೂಗು ತಾಗುವ ಹಾಗೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಬೆನ್ನಿನ ಮೇಲೆ ಬೇವಿನ ಹೂ ಬಿದ್ದವು, ಎಣಿಸುವಷ್ಟು ಬಿದ್ದವು.

“ಅಕ್ಕಾರ, ಇಲ್ಲಿ ನೋಡ್ರಿ.”

ನಾನು ಒರೆಸಿದ ಕಡೆ, ಜಿಡ್ಡಿನ ಕೆಳಗೆ, ಲೋಹದಲ್ಲಿ ಕೊರೆದ ಸಣ್ಣದೊಂದು ಕಚ್ಚು ಹೊರಬಿದ್ದಿತ್ತು. ಕಂಪನಿಯವರ ಗುರುತು. ಅದರ ಪಕ್ಕದ ಹಲ್ಲಿನ ಸಂದಿಯಲ್ಲಿ, ನನ್ನ ಅರಿವೆಗೆ ಸಿಗದೆ ಉಳಿದ ಸುಣ್ಣ, ಸಾಸಿವೆ ಕಾಳಿನಷ್ಟು.

“ಈ ಸುಣ್ಣ ಇದು ಇಷ್ಟು ದಿನ ನಿಂತಿದ್ದ ಜಾಗ. ಈ ಕಚ್ಚು ಇದು ನಿಂದರಬೇಕಾದ ಜಾಗ.” ಎರಡರ ನಡುವೆ ಬೆರಳಿಟ್ಟರು. “ಒಂದು ಹಲ್ಲು. ಹಿಂದ ಯಾವನೋ ಪುಣ್ಯಾತ್ಮ ಒಂದು ಹಲ್ಲು ತಪ್ಪಿಸಿ ಕೂಡ್ರಿಸ್ಯಾನ. ಅದಕ್ಕ ಇದು ನಡಗ್ತಿತ್ತು. ಅದಕ್ಕ ಏರು ಹತ್ತತಿರಲಿಲ್ಲ. ನಾನೂ ಅದರ ಮ್ಯಾಲೇ ಸುಣ್ಣ ಹಚ್ಚಿ ಮತ್ತ ಅದೇ ತಪ್ಪು ಕೂಡ್ರಸ್ತಿದ್ದೆ.”

ಡಬ್ಬಿ ತೆಗೆದು ಎಲೆಗೆ ಸುಣ್ಣ ಹಚ್ಚಿದರು. ಮಡಚದೆ ಹಾಗೇ ಹಿಡಿದುಕೊಂಡು ಕೂತರು. ನಲವತ್ತು ವರ್ಷದ ಕೆಲಸ ‘ಇದ್ದ ಹಾಗೆ ಇಡು’ ಎಂದೇ ಕಲಿಸಿತ್ತಲ್ಲ.

“ಈಗ ಹೇಳ್ರಿ, ಇದ್ದಂಗ ಹಾಕಲ್ಯೋ, ಇರಬೇಕಾದಂಗ ಹಾಕಲ್ಯೋ? ಇದ್ದಂಗ ಹಾಕಿದ್ರ ಮೊದಲಿನಂಗ ನಡಗಿಕೋತ ಹೋಗ್ತದ, ಗ್ಯಾರಂಟಿ. ಇರಬೇಕಾದಂಗ ಹಾಕಿದ್ರ, ನಾ ಕಂಡಿದ್ದು ಖರೇ ಆದ್ರ ಕುದುರಿ. ತಪ್ಪಾದ್ರ ಗುಜರಿ.”

ನಡುಕ ನನಗೆ ಇಷ್ಟ ಅಂದೆನಲ್ಲ. ಒಂದು ಗಳಿಗೆ, ಇದ್ದ ಹಾಗೇ ಹಾಕಿ ಅನ್ನಬೇಕೆನಿಸಿದ್ದು ಸುಳ್ಳಲ್ಲ. ಆದರೆ ಅದೇ ನಡುಕದಲ್ಲಿ ಏರು ಹತ್ತುವಂತಿರಲಿಲ್ಲ.

“ಕಚ್ಚಿಗೆ ಹಾಕ್ರಿ,” ಅಂದೆ.

ಹೊಸ ಪಟ್ಟಿ ಕೂತ ಮೇಲೆ ಅವರು ಕೀಲಿ ಮುಟ್ಟಲಿಲ್ಲ. ಕೆಳಗಿನ ಚಕ್ರಕ್ಕೆ ಸ್ಪ್ಯಾನರು ಹಾಕಿ, ಕೈಯಿಂದಲೇ ಎಂಜಿನ್ನನ್ನು ಒಂದು ಸುತ್ತು, ಎರಡು ಸುತ್ತು, ಬಾವಿಯಿಂದ ತುಂಬಿದ ಕೊಡ ಸೇದುವ ಹಾಗೆ ತಿರುಗಿಸಿದರು. ಒಳಗೆ ಏನಾದರೂ ಬಡಿದರೆ ಕೈಗೆ ಗೊತ್ತಾಗುತ್ತದಂತೆ. ನಾನೂ ಬಗ್ಗಿ ಕಿವಿಗೊಟ್ಟೆ. ಏನೂ ಬಡಿಯಲಿಲ್ಲ. ಕಚ್ಚು ಸುತ್ತಿ ಬಂದು ತನ್ನ ಜಾಗಕ್ಕೆ ಸರಿಯಾಗಿ ನಿಂತಿತು.

“ನೀವೇ ಸುರು ಮಾಡ್ರಿ,” ಅಂದರು. ಮಾಡಿದೆ. ಮೊದಲು ಸುರುವಾಗಲೇ ಇಲ್ಲ ಅಂದುಕೊಂಡು ಮತ್ತೆ ಕೀಲಿ ತಿರುವಲು ಹೋದೆ. ಅವರು ಕೈ ಅಡ್ಡ ಮಾಡಿ ಡ್ಯಾಶ್‌ಬೋರ್ಡಿನ ಬಸವಣ್ಣನನ್ನು ತೋರಿಸಿದರು. ಬಸವಣ್ಣ ನಡುಗದೆ ಕೂತಿದ್ದ. ಕಾರು ಸುರುವಾಗಿತ್ತು.

ಮರುದಿನ ಮಸರಕಲ್ ದಾಟಿದ ಏರಿನಲ್ಲಿ ನಾನು ರೂಢಿಯಂತೆ ಮುಂದಕ್ಕೆ ಬಾಗಿದೆ, ಬಾಗಿದರೆ ಕಾರಿಗೆ ಸಹಾಯವಾಗುತ್ತದೆ ಅನ್ನುವಂತೆ. ಬೇಕಾಗಲಿಲ್ಲ. ಏರು ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅದು ಹಿಂದೆ ಬಿದ್ದಿತ್ತು.

ದೇವದುರ್ಗದಲ್ಲಿ ದೊಡ್ಡವ್ವ ಸೆರಗು ಹೊದ್ದು ತಗ್ಗಿನ ಸೀಟಿನಲ್ಲಿ ಕೂತಳು. ಕಾರು ಹೊರಟಿತು. ಐದು ನಿಮಿಷವಾಯಿತು. ಹತ್ತಾಯಿತು.

“ನೀಲೂ, ಯಾಕ ಇವತ್ತು ಗಾಡಿ ಮಾತಾಡವಲ್ದು?”

“ರಿಪೇರಿ ಆಗ್ಯದ ದೊಡ್ಡವ್ವ.”

“ನಿದ್ದಿನೇ ಬರವಲ್ದು ನೋಡು ನನಗ.” ಅವಳ ಧ್ವನಿಯಲ್ಲಿ ದೂರು ಇತ್ತು. ನನಗೂ ಏನೋ ಕಳೆದಂತೆ ಆಯಿತು. ಬೇರೆ ದಾರಿ ಕಾಣದೆ ನಿನ್ನೆಯ ಕಥೆ ಹೇಳಿದೆ: ಸುಣ್ಣ, ಅರಿವೆ, ಮೂರೆಳೆ, ಟಕ್. ಅಜ್ಜನಿಂದ ಕಲಿತ ಭಕ್ತಿ ನೋಡು, ಹೇಗೆ ಫಜೀತಿ ಮಾಡಿತು ಅಂದೆ.

ದೊಡ್ಡವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗು ನಿಲ್ಲಲು ಒಂದು ಮೈಲಿ ಬೇಕಾಯಿತು.

“ಅಯ್ಯ ಹುಚ್ಚಿ, ನಮ್ಮಪ್ಪ ಚಕ್ರಕ್ಕ ವಿಭೂತಿ ಹಚ್ಚತಿದ್ದುದು ಬರೇ ಭಕ್ತಿಗೇನು? ಹಚ್ಚಿ, ಪಟ್ಟಿ ಏರಿಸಿ, ಒಂದು ತಾಸು ಓಡಿಸಿ, ನಿಲ್ಲಿಸಿ ನೋಡ್ತಿದ್ದ. ಯಾವ ಕಡಿ ಗೆರಿ ಅಳಿಸ್ಯಾವೋ ಆ ಕಡಿ ಪಟ್ಟಿ ಸರಿಯಾಕತ್ತದ ಅಂತ ತಿಳೀತಿತ್ತು. ನಡುವಿನ್ಯಾಗ ಅಳಿಸಿದ್ರ ಪಟ್ಟಿ ನೆಟ್ಟಗ ಅದ. ವಾರಕ್ಕೊಮ್ಮೆ ನೋಡಿದ್ರ ಪಟ್ಟಿ ಹಾರಿ ಯಾರ ಮಾರಿಗೂ ಬಡಿಯಂಗಿಲ್ಲ. ಚಾಕ್‌ಪೀಸು ಎಲ್ಲಿದ್ದವು ಆಗ? ವಿಭೂತಿ ಗಟ್ಟಿ ಗೂಡಿನ್ಯಾಗ ಇರ್ತಿತ್ತು.”

“ಮತ್ತ ಕೈ ಮುಗೀತಿದ್ದನಲ್ಲ?”

“ಕೈಯಾಗ ವಿಭೂತಿ ಇದ್ದ ಮ್ಯಾಲೆ ಮುಗೀದ ಇರಾಕ ಆಗ್ತದೇನು? ಶಿವಾನೂ ನೋಡ್ತಿದ್ದ, ಪಟ್ಟಿನೂ ನೋಡ್ತಿದ್ದ. ನಿನಗ ಕಾಣೂದರಾಗ ನೀ ಚೀಲದ ಮ್ಯಾಲ ಮಲಗಿಬಿಡ್ತಿದ್ದಿ.”

ಹೌದು, ಒಂದು ತಾಸಿನ ಮೇಲೆ ಗಿರಣಿ ನಿಂತು, ಅಜ್ಜ ಬಗ್ಗಿ ಚಕ್ರ ನೋಡುವುದನ್ನು ನಾನು ಒಮ್ಮೆಯೂ ಕಂಡಿಲ್ಲ. ಪೂಜೆಯ ತನಕ ಎಚ್ಚರವಿದ್ದು, ಮುಂದಿನದಕ್ಕೆ ನಿದ್ದೆ ಹೋದವಳು. ಮೌಲಾಸಾಬರ ಉಗುರು, ಅಜ್ಜನ ಮೂರು ಬೆರಳು. ಇಬ್ಬರೂ ಬಿಳಿಯ ಗೆರೆ ಎಳೆದು ತಿರುಗಿ ಬಂದು ನೋಡುವವರು. ನಾನೊಬ್ಬಳೇ ಎಳೆದು ಚಹಕ್ಕಿಡಲು ಹೋದವಳು.

ಅವತ್ತು ದೊಡ್ಡವ್ವ ಕಾಲುವೆಯ ತನಕವೂ, ಅಲ್ಲಿಂದ ಮನೆಯ ತನಕವೂ ಮಾತಾಡಿದಳು. ಜೋಳ ಬೀಸುವ ಸದ್ದು ಬೇರೆ, ಗೋಧಿ ಬೀಸುವ ಸದ್ದು ಬೇರೆ ಎಂದು ಬಾಯಲ್ಲೇ ಎರಡನ್ನೂ ಮಾಡಿ ತೋರಿಸಿದಳು. ನನ್ನ ಅವ್ವ ಚಿಕ್ಕವಳಿದ್ದಾಗ ಹಿಟ್ಟಿನಲ್ಲಿ ಮುಖ ಅದ್ದಿಕೊಂಡು ಗಿರಾಕಿಗಳನ್ನು ಹೆದರಿಸುತ್ತಿದ್ದುದನ್ನು ಹೇಳಿದಳು. ಮೂರು ವರ್ಷ ನಾನು ಅವಳನ್ನು ಮಲಗಿಸಿಕೊಂಡು ಓಡಾಡಿದ್ದೆ. ಅವಳೊಳಗೆ ಇಷ್ಟೆಲ್ಲ ಇತ್ತು.

ಆಯ್ತವಾರ ಗುಜರಿಯವನು ತಕ್ಕಡಿಯ ಸಮೇತ ಬಂದ. ಇವರು ಬಾಗಿಲಿಗೆ ಹೋದರು. ನಾನು ಒಳಗೇ ಒಗ್ಗರಣೆಯ ಸೌಟು ಹಿಡಿದು ನಿಂತೆ. ಕಾರು ತನ್ನ ಕಾಲ ಮೇಲೆ ತಿರುಗಿ ಬಂದಿತ್ತು, ಪ್ರಮೇಯ ಸಾಧಿತವಾಗಿತ್ತು; ಆದರೂ ಗಂಡಸರ ಮನಸ್ಸು.

“ಗಾಡಿ ಇಲ್ಲಪಾ,” ಇವರ ಧ್ವನಿ ಕೇಳಿತು. “ಇದಿಷ್ಟು ಅದ, ಒಯ್ಯಿ.”

“ಇದು ರಬ್ಬರ್ರೀ ಸಾಹೇಬ್ರ. ಕಬ್ಬಿಣ ಅಲ್ಲ, ಇದನ್ನ ಯಾರು ತೊಗೋತಾರ?”

ಇವರು ಒಳಗೆ ಬಂದು, ಹಳೆಯ ಪಟ್ಟಿಯನ್ನು ಮೊರದ ಪಕ್ಕದ ಮೊಳೆಗೆ ತೂಗುಹಾಕಿ, ಏನೂ ಆಗದವರಂತೆ ಪತ್ರಿಕೆ ಹಿಡಿದರು.

ಶುಕ್ರವಾರ ನಾನು ಈಗಲೂ ಒರೆಸುತ್ತೇನೆ, ಮೂರೆಳೆ ಎಳೆಯುತ್ತೇನೆ; ಒಂದು ತಾಸು ಬಿಟ್ಟು ಬಂದು ನೋಡುತ್ತೇನೆ ಕೂಡ. ಮಿಕ್ಸರಿನಲ್ಲಿ ಏನು ಕಾಣಬೇಕೋ ಇನ್ನೂ ತಿಳಿದಿಲ್ಲ. ಬಾಗಿಲ ಹಿಂದಿನ ಪಟ್ಟಿಯ ಧೂಳನ್ನೂ ಹೊಡೆಯುತ್ತೇನೆ. ಅದರ ಮೇಲೆ ಮೌಲಾಸಾಬರ ಉಗುರಿನ ಸುಣ್ಣದ ಗೆರೆ ಹಾಗೇ ಇದೆ. ಅಲ್ಲಿಗೆ ಬಂದಾಗ ಅರಿವೆಯನ್ನು ಎತ್ತಿ, ದಾಟಿಸಿ, ಮುಂದಕ್ಕೆ ಇಡುತ್ತೇನೆ.